ದಿನಾ ತೊಳೆದರೂ ಹೋಗದ ನಾತ: ಕೇಶ್ವಾಪುರದ ಒಂದು ಮನೆ, ಎರಡು ಮೊಲ

ಜುಲೈ ಎರಡನೇ ವಾರ, ಹುಬ್ಬಳ್ಳಿಯಲ್ಲಿ ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ರಾತ್ರಿ ಒಂಬತ್ತಕ್ಕೆ ಅಕ್ಕನ ಫೋನ್ ಬಂತು. "ತಮ್ಮಾ, ನಾಳೆ ಒಂಚೂರು ಬಂದು ಹೋಗೋ. ಕಾಕು ಮತ್ತ ಹೇಳಿ ಹೋದ್ರು. ದಿನಾ ತೊಳೀತೀವಿ, ದಿನಾ ಫಿನಾಯಿಲ್ ಹಾಕ್ತೀವಿ, ನಾತ ಮಾತ್ರ ಹೋಗವಲ್ದು." ಕಾಕು ಅಂದರೆ ಮೇಲಿನ ಮನೆಯಲ್ಲಿರುವ ಮಾಲಕರು. ಒಳ್ಳೆಯವರು, ಅಕ್ಕನ ಮಗಳನ್ನು ಸ್ವಂತ ಮೊಮ್ಮಗಳ ಹಾಗೆ ನೋಡುತ್ತಾರೆ. ಆದರೆ ಅವರ ಅಡುಗೆಮನೆ ಕಿಟಕಿ ಸರಿಯಾಗಿ ಮೊಲದ ಗೂಡಿನ ಮೇಲೇ ಬರುತ್ತದೆ. ಮೂರು ಸಲ ಸಮಾಧಾನದಿಂದ ಹೇಳಿದ್ದರು. ನಾಲ್ಕನೇ ಸಲ, ತಿಂಗಳೊಳಗೆ ಸರಿಮಾಡಿ, ಇಲ್ಲಾಂದ್ರೆ ಮೊಲ ಯಾರಿಗಾದರೂ ಕೊಟ್ಟುಬಿಡಿ ಅಂದಿದ್ದರು.

ನಾನು ಧಾರವಾಡದಲ್ಲಿ ಎಂಟು ವರ್ಷದಿಂದ ಮನೆಯೊಳಗೇ ಮೊಲ ಸಾಕಿದ್ದೇನೆ. ಮರುದಿನ ಬೆಳಿಗ್ಗೆ ಚಿಗರಿ ಬಸ್ ಹತ್ತಿ ಹೋದೆ. ಅಲ್ಲಿ ನೋಡಿದ್ದು, ಮಾಡಿದ್ದು, ತಪ್ಪಿದ್ದು ಎಲ್ಲವನ್ನೂ ಬರೆಯುತ್ತಿದ್ದೇನೆ. ಮೊಲ ತಂದ ಎಷ್ಟೋ ಮನೆಗಳಲ್ಲಿ ಇದೊಂದೇ ಕಾರಣಕ್ಕೆ ಅದನ್ನು ಬೇರೆಯವರಿಗೆ ದಾಟಿಸಿಬಿಡುತ್ತಾರೆ. ಅದರಲ್ಲಿ ಮೊಲದ ತಪ್ಪು ಏನೂ ಇರುವುದಿಲ್ಲ, ಅದಕ್ಕೇ ನನಗೆ ಸಂಕಟ.

ಎರಡು ಮೊಲ. ಕಂದು ಬಣ್ಣದ್ದು ಪೇಡಾ, ಬಿಳಿಯದು ಬೆಣ್ಣಿ. ಹತ್ತು ತಿಂಗಳು ತುಂಬಿತ್ತು, ಒಂದೊಂದೂ ಎರಡು ಕಿಲೋ ಹತ್ತಿರ. ಮಾರಿದವರು ಗಂಡು-ಹೆಣ್ಣು ಜೋಡಿ ಅಂತ ಹೇಳಿ ಕೊಟ್ಟಿದ್ದರು, ನಾಲ್ಕು ತಿಂಗಳಾದಾಗ ಎರಡೂ ಗಂಡು ಅಂತ ಗೊತ್ತಾಯಿತು. ಆಮೇಲೆ ಜಗಳ ಶುರು, ಕಿವಿಗೆ ಗಾಯ. ಅದಕ್ಕೆ ಒಂದೇ ಗೂಡಿನ ನಡುವೆ ಜಾಲರಿ ಹಾಕಿ ಬೇರೆ ಮಾಡಿದ್ದರು. ಗೂಡು ಇರುವುದು ಹಿಂದಿನ ವರಾಂಡದಲ್ಲಿ. ನೆಲಕ್ಕೆ ಶಹಾಬಾದ್ ಪರಸಿಕಲ್ಲು. ಮಳೆ ಹನಿ ಬೀಳುತ್ತದೆ ಅಂತ ಮೂರೂ ಕಡೆ ತಾಡಪತ್ರಿ ಕಟ್ಟಿದ್ದರು. ಗೂಡಿನ ತಳಕ್ಕೆ ಪ್ಲೈವುಡ್ ಹಲಗೆ, ಅದರ ಮೇಲೆ ಕಟ್ಟಿಗೆ ಅಡ್ಡೆಯಿಂದ ತಂದ ಗರಗಸದ ಹುಡಿ, ಕೆಳಗೆ ಒಂದು ತಗಡಿನ ಟ್ರೇ.

ದಿನದ ಕೆಲಸ ಹೀಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಹುಡಿ ಎಲ್ಲಾ ಬಳಿದು ಹಾಕಿ, ಒಂದೂವರೆ ಬಕೀಟು ನೀರು ಹೊಡೆದು, ಫಿನಾಯಿಲ್ ಹಾಕಿ ಉಜ್ಜಿ, ಹೊಸ ಹುಡಿ ಹರಡುವುದು. ಸಂಜೆ ಊದಿನಕಡ್ಡಿ. ಮೂಲೆಗಳಲ್ಲಿ ಡಾಂಬರ ಗುಳಿಗೆ ಗಂಟು ಕಟ್ಟಿ ತೂಗುಹಾಕಿದ್ದರು. ಅಕ್ಕ ಪಟ್ಟ ಶ್ರಮ ನೋಡಿದರೆ ಯಾರೂ ಅವಳನ್ನು ಸೋಮಾರಿ ಅನ್ನಲಾರರು. ಅವರ ಓಣಿಯಲ್ಲಿ ನಳಕ್ಕೆ ನೀರು ಬರುವುದೇ ಐದಾರು ದಿನಕ್ಕೊಮ್ಮೆ, ಆ ನೀರಿನಲ್ಲಿ ದಿನಾ ಒಂದೂವರೆ ಬಕೀಟು ಮೊಲಕ್ಕೆ ಹೋಗುತ್ತಿತ್ತು.

ನಿಂತು ಮೂಸಿದರೆ ಫಿನಾಯಿಲ್ ವಾಸನೆ, ಅದರ ಹಿಂದೆ ಒಂದು ಘಾಟು. ಆದರೆ ನಾನು ಮೊಣಕಾಲೂರಿ, ಮುಖವನ್ನು ಮೊಲದ ಮೂಗಿನ ಮಟ್ಟಕ್ಕೆ ತಂದೆ. ಎರಡು ಉಸಿರು ಎಳೆಯುವುದರೊಳಗೆ ಕಣ್ಣಲ್ಲಿ ನೀರು ಬಂತು. ಇದು ಅಮೋನಿಯ. ಅಕ್ಕನಿಗೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ, ಯಾಕಂದ್ರೆ ದಿನಾ ಅಲ್ಲೇ ಓಡಾಡುವವರ ಮೂಗು ಒಗ್ಗಿಕೊಂಡುಬಿಡುತ್ತದೆ. ಮೊಲಗಳು ಮಾತ್ರ ಆ ಗಾಳಿಯನ್ನು ಇಪ್ಪತ್ನಾಲ್ಕು ತಾಸೂ ಉಸಿರಾಡುತ್ತಿದ್ದವು. ಮೊಲ ಉಸಿರಾಡುವುದು ಮೂಗಿನಿಂದ, ನಮ್ಮ ಹಾಗೆ ಬೇಕಾದಾಗ ಬಾಯಿ ತೆರೆದು ಎಳೆದುಕೊಳ್ಳುವುದಿಲ್ಲ. ಪೇಡಾನನ್ನು ಎತ್ತಿಕೊಂಡು ಮುಂಗಾಲಿನ ಒಳಭಾಗ ನೋಡಿದೆ. ಕೂದಲು ಜಿಡ್ಡುಗಟ್ಟಿ ಅಂಟಿಕೊಂಡಿತ್ತು. ಮೂಗು ಸೋರುವ ಮೊಲ ಮುಂಗಾಲಿನಿಂದ ಮೂಗು ಒರೆಸಿಕೊಳ್ಳುತ್ತದೆ, ಆದ್ದರಿಂದ ಮೂಗು ಒಣಗಿ ಕಂಡರೂ ಕಾಲು ನಿಜ ಹೇಳುತ್ತದೆ. "ಸೀನ್ತಾನ ಮಾಮಾ, ಧೂಳಿಗೆ ಅಂತ ಅನ್ಕೊಂಡಿದ್ದೆ" ಅಂದಳು ಅಕ್ಕನ ಮಗಳು. ಅವಳಿಗೆ ಹನ್ನೆರಡು ವರ್ಷ.

ಆ ದಿನ ಏನನ್ನೂ ತೊಳೆಯಲು ಬಿಡಲಿಲ್ಲ. ಮೊದಲು ನಾತ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕಿತ್ತು.

ಹಿಕ್ಕೆ ಒಂದು ಹಿಡಿ ತೆಗೆದು ಕಾಕು ಕೈಗೇ ಕೊಟ್ಟೆ. ಅವರು ಹಿಂದೆ ಸರಿದರು, ಆಮೇಲೆ ಮೂಸಿ ನೋಡಿದರು. ಒಣ ಹುಲ್ಲಿನ ವಾಸನೆ, ಅಷ್ಟೇ. ಹುಲ್ಲು ತಿನ್ನುವ ಮೊಲದ ಗುಂಡನೆಯ ಹಿಕ್ಕೆ ಒಣಗಿದ ಮೇಲೆ ನಾರುವುದೇ ಇಲ್ಲ. ನಾರುವುದು ಉಚ್ಚೆ, ಅದೂ ಬಿದ್ದ ಕೂಡಲೇ ಅಲ್ಲ. ಉಚ್ಚೆಯಲ್ಲಿರುವ ಯೂರಿಯವನ್ನು ಬ್ಯಾಕ್ಟೀರಿಯ ಒಡೆದಾಗ ಅಮೋನಿಯ ಹೊರಡುತ್ತದೆ, ಅದಕ್ಕೆ ಬೇಕಾದದ್ದು ತೇವ ಮತ್ತು ಹೊತ್ತು. ಒಣಗಿದ ಕಡೆ ಈ ಕೆಲಸ ನಿಂತುಹೋಗುತ್ತದೆ. ಹಾಗಿದ್ದರೆ ಹುಡುಕಬೇಕಾದದ್ದು ಕೊಳೆಯನ್ನಲ್ಲ, ಒದ್ದೆಯನ್ನು.

ಗೂಡಿನ ಒಳಗೆ, ಸುತ್ತಲೂ, ಗೋಡೆಯ ಬುಡಕ್ಕೆ ಎಲ್ಲಾ ಹಳೆಯ ಪೇಪರ್ ಹಾಸಿದೆವು. ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಒದ್ದೆಯಾದ ಜಾಗಕ್ಕೆಲ್ಲ ಹುಡುಗಿ ಸ್ಕೆಚ್ ಪೆನ್ನಿಂದ ಗೆರೆ ಎಳೆದಳು. ಎರಡೂ ಮೊಲಗಳಿಗೆ ಒಂದೊಂದು ಖಾಯಂ ಮೂಲೆ ಇತ್ತು. ಹೆಚ್ಚಿನ ಉಚ್ಚೆ ಅಲ್ಲೇ. ಅದು ಬಿಟ್ಟು ನಡುವಿನ ಜಾಲರಿಯ ಎರಡೂ ಬದಿಗೆ ಸಿಡಿಸಿದ ಹನಿಗಳು, ಆಮೇಲೆ ಗೂಡಿನ ಹಿಂದಿನ ಗೋಡೆಯ ಮೇಲೆ ಸುಮಾರು ಒಂದೂವರೆ ಅಡಿ ಎತ್ತರದವರೆಗೆ ಗೆರೆಗೆರೆಯಾಗಿ ಇಳಿದ ಕಲೆ. ಪ್ರಾಯಕ್ಕೆ ಬಂದ ಎರಡು ಗಂಡು ಎದುರುಬದುರು ಇದ್ದರೆ ಇದು ನನ್ನ ಜಾಗ, ಇದು ನನ್ನ ಜಾಗ ಅಂತ ದಿನವಿಡೀ ಉಚ್ಚೆ ಚಿಮ್ಮುತ್ತವೆ.

ಇಲ್ಲಿ ನನಗೆ ವಿಷಯ ಹೊಳೆಯಿತು. ದಿನಾ ಬೆಳಿಗ್ಗೆ ಇಡೀ ಗೂಡು ತೊಳೆದು ಅವುಗಳ ಗುರುತನ್ನೆಲ್ಲ ಅಳಿಸಿಹಾಕುತ್ತಿದ್ದರು. ಹತ್ತು ಗಂಟೆಯೊಳಗೆ ಎರಡೂ ಮತ್ತೆ ಎಲ್ಲ ಕಡೆ ಗುರುತು ಹಾಕುತ್ತಿದ್ದವು. ಅಂದರೆ ಜಾಸ್ತಿ ತೊಳೆದಷ್ಟೂ ಜಾಸ್ತಿ ಚಿಮ್ಮುತ್ತಿದ್ದವು. ತೊಳೆದ ನೀರು ಮಳೆಗಾಲದ ಗಾಳಿಯಲ್ಲಿ, ಅದೂ ತಾಡಪತ್ರಿ ಒಳಗೆ, ಸಂಜೆಯಾದರೂ ಆರುತ್ತಿರಲಿಲ್ಲ. ಅಮೋನಿಯಕ್ಕೆ ಬೇಕಾದ ಒದ್ದೆಯನ್ನು ನಾವೇ ಹೊತ್ತು ತಂದು ಸುರಿದ ಹಾಗಾಗಿತ್ತು.

ಪ್ಲೈವುಡ್ ಹಲಗೆಯನ್ನು ಎತ್ತಿ ಮಗುಚಿದಾಗ ಅಕ್ಕ ಸೆರಗು ಮೂಗಿಗೆ ಹಿಡಿದಳು. ಅಂಚಿನ ಪದರುಗಳು ಬಿಟ್ಟುಕೊಂಡು ಉಬ್ಬಿದ್ದವು, ಹೆಬ್ಬೆರಳಿನಿಂದ ಒತ್ತಿದರೆ ಸ್ಪಂಜಿನಂತೆ ಕಂದು ನೀರು ಒಸರಿತು. ತಿಂಗಳುಗಟ್ಟಲೆಯ ಉಚ್ಚೆ ಅದರೊಳಗಿತ್ತು. ಕಟ್ಟಿಗೆ ಕುಡಿದದ್ದನ್ನು ಹೊರಗೆ ತೆಗೆಯುವ ಸಾಬೂನು ಯಾವುದೂ ಇಲ್ಲ. ಅದನ್ನು ಆಗಲೇ ಹೊರಗೆ ಹಾಕಿಸಿದೆ. ಆ ವಾಸನೆಯಲ್ಲಿ ಅರ್ಧ ಪಾಲು ಆ ಒಂದು ಹಲಗೆಯದೇ ಅಂತ ಈಗಲೂ ನನ್ನ ನಂಬಿಕೆ.

ಆಮೇಲೆ ಟ್ರೇ. ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರು, ಉಗುರು ಹಾಕಿದರೂ ಏಳುವುದಿಲ್ಲ. ಇದನ್ನು ಅಕ್ಕ ಫಿನಾಯಿಲ್ ಕಲೆ ಅಂದುಕೊಂಡಿದ್ದಳು. ಅದು ಕ್ಯಾಲ್ಸಿಯಂ. ಬೇರೆ ಹೆಚ್ಚಿನ ಪ್ರಾಣಿಗಳು ತಮಗೆ ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿ ಉಳಿದದ್ದನ್ನು ಬಿಡುತ್ತವೆ. ಮೊಲ ಹಾಗಲ್ಲ, ತಿಂದದ್ದರಲ್ಲಿ ಬಹುಪಾಲು ರಕ್ತಕ್ಕೆ ಎಳೆದುಕೊಂಡು, ಹೆಚ್ಚಾದದ್ದನ್ನು ಉಚ್ಚೆಯಲ್ಲಿ ಹೊರಹಾಕುತ್ತದೆ. ಮೊಲದ ಉಚ್ಚೆ ಕ್ಷಾರದ್ದು, ಒಣಗಿದ ಮೇಲೆ ಈ ಸುಣ್ಣ ಉಳಿಯುತ್ತದೆ, ಪದರಿನ ಸಂದುಗಳಲ್ಲಿ ನಾತ ಕುಳಿತುಬಿಡುತ್ತದೆ. ಇದಕ್ಕೆ ಹುಳಿಯೇ ಮದ್ದು. ಕಿರಾಣಿ ಅಂಗಡಿಯ ಬಿಳಿ ವಿನೆಗರ್ ತಂದು, ಅಷ್ಟೇ ನೀರು ಬೆರೆಸಿ ಟ್ರೇಗೆ ಸುರಿದೆವು. ಸಣ್ಣಗೆ ಸುಯ್ ಅಂತ ನೊರೆ ಎದ್ದಿತು. ಅರ್ಧ ತಾಸು ಬಿಟ್ಟು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದರೆ ಪದರು ಹಪ್ಪಳದ ಹಾಗೆ ಎದ್ದು ಬಂತು.

ಹುಡುಗಿಗೆ ಹುರುಪು ಬಂದು ಉಳಿದ ವಿನೆಗರನ್ನು ನೆಲಕ್ಕೂ ಹಾಕಲು ಹೋದಳು. ತಡೆದೆ. ಶಹಾಬಾದ್ ಕಲ್ಲು ಸುಣ್ಣದಕಲ್ಲೇ, ವಿನೆಗರ್ ಬಿದ್ದರೆ ಅದನ್ನೂ ತಿನ್ನುತ್ತದೆ. ಕಲ್ಲು ಒರಟಾಗುತ್ತದೆ, ಆಮೇಲೆ ಉಚ್ಚೆಯನ್ನು ಇನ್ನೂ ಚೆನ್ನಾಗಿ ಕುಡಿಯುತ್ತದೆ. ನಮ್ಮ ಕಡೆ ಮನೆಮನೆಯಲ್ಲೂ ಈ ಪರಸಿಯೇ, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ನೆಲಕ್ಕೆ ಬಿಸಿನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್, ಕೊನೆಗೆ ಒಣ ಬಟ್ಟೆ, ಫ್ಯಾನು. ಕಲ್ಲಿನ ಸಂದುಗಳು ಬಾಯಿ ಬಿಟ್ಟಿದ್ದವು, ಎರಡು ದಿನ ಆರಲು ಬಿಟ್ಟು ಸಿಮೆಂಟು ತುಂಬಿಸಿದೆವು.

ಇನ್ನೊಂದು ಮಾತು ಅಕ್ಕ ಸಂಕೋಚದಿಂದ ಹೇಳಿದಳು. ಹಿಂದಿನ ವಾರ ಏನೂ ಆಗದೆ ಟ್ರೇಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಳಂತೆ, ಗಂಟಲು ಉರಿದು ಅರ್ಧ ತಾಸು ಕೆಮ್ಮಿದ್ದಳಂತೆ. ಉಚ್ಚೆಯ ಅಮೋನಿಯ ಮತ್ತು ಬ್ಲೀಚು ಸೇರಿದರೆ ಕ್ಲೋರಮಿನ್ ಅನ್ನುವ ವಿಷದ ಗಾಳಿ ಏಳುತ್ತದೆ. ಮುಚ್ಚಿದ ವರಾಂಡದಲ್ಲಿ ಇದು ಮನುಷ್ಯರಿಗೇ ಅಪಾಯ, ಎರಡು ಕಿಲೋ ಪ್ರಾಣಿಯ ಪಾಡೇನು? ಬ್ಲೀಚಿಗೆ ವಿನೆಗರ್ ತಾಗಿದರೂ ಕ್ಲೋರಿನ್ ಏಳುತ್ತದೆ. ಹಾಗಾಗಿ ಮೊಲದ ಗೂಡಿನ ಹತ್ತಿರ ಬ್ಲೀಚು ಬೇಡವೇ ಬೇಡ. ಡಾಂಬರ ಗುಳಿಗೆ, ಊದಿನಕಡ್ಡಿ ಅಂದೇ ತೆಗೆಸಿದೆ. ಕಪ್ಪು ಫಿನಾಯಿಲ್ ಕೂಡ. ಮೊಲ ದಿನಕ್ಕೆ ಹತ್ತಾರು ಸಲ ತನ್ನ ಪಾದ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ, ನೆಲಕ್ಕೆ ಹಾಕಿದ್ದೆಲ್ಲಾ ಅದರ ಹೊಟ್ಟೆಗೆ ಹೋಗುತ್ತದೆ.

ಈಗ ಊಟದ ವಿಷಯ. ಇದನ್ನು ಕೇಳಿದಾಗ ಅಕ್ಕ, "ನಾತಕ್ಕೂ ಊಟಕ್ಕೂ ಏನ ಸಂಬಂಧ?" ಅಂದಳು. ಸಂಬಂಧ ಇದೆ. ಪೇಡಾ, ಬೆಣ್ಣಿ ಇಬ್ಬರಿಗೂ ಬಟ್ಟಲು ತುಂಬ ಪೆಲೆಟ್ (ಅಂಗಡಿಯ ಗುಳಿಗೆ ಮೇವು), ಗಜ್ಜರಿ, ಸಂಜೆ ಬಿಸ್ಕಿಟ್, ವಾರಕ್ಕೆ ಮೂರು ಸಲ ಪರಿಚಯದವರ ಹೊಲದಿಂದ ಬರುವ ಕುದುರೆ ಮಸಾಲೆ ಸೊಪ್ಪು. ಒಣ ಹುಲ್ಲು ಇಲ್ಲವೇ ಇಲ್ಲ. ಕುದುರೆ ಮಸಾಲೆಯಲ್ಲಿ ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಜಾಸ್ತಿ. ಬೆಳೆಯುವ ಮರಿಗೆ ಸರಿ, ದೊಡ್ಡ ಮೊಲಕ್ಕೆ ದಿನದ ಮೇವಲ್ಲ. ಮತ್ತೆ, ಮೊಲ ಎರಡು ಥರ ಹಾಕುತ್ತದೆ. ಒಂದು ಗುಂಡನೆಯ ಒಣ ಹಿಕ್ಕೆ. ಇನ್ನೊಂದು ದ್ರಾಕ್ಷಿ ಗೊಂಚಲಿನಂಥ ಮೆತ್ತಗಿನ, ಹೊಳೆಯುವ ಮುದ್ದೆ, ಅದು ಭಾರೀ ನಾರುತ್ತದೆ. ಅದನ್ನು ಮೊಲ ಗುದಕ್ಕೇ ಬಾಯಿ ಹಾಕಿ ತಿಂದುಬಿಡುತ್ತದೆ. ಅದರಲ್ಲಿ ವಿಟಮಿನ್, ಪ್ರೋಟೀನ್ ಇರುತ್ತವೆ, ಅಸಹ್ಯ ಪಡುವ ಮಾತೇ ಇಲ್ಲ. ಆದರೆ ಸಿಹಿ, ಪೆಲೆಟ್ ಜಾಸ್ತಿಯಾದ ಮೊಲ ಅದನ್ನು ತಿನ್ನದೆ ಬಿಡುತ್ತದೆ, ಅದು ಕಾಲಿಗೆ, ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಬೆಣ್ಣಿಯ ಬಿಳಿ ಕೂದಲು ಬಾಲದ ಕೆಳಗೆ ಕಂದಾಗಿ ಗಟ್ಟಿಯಾಗಿತ್ತು.

ಕೊನೆಗೊಂದು ಸಂಗತಿ ಹುಡುಗಿ ಹೇಳಿದಳು, ಅದಕ್ಕೆ ನಾನು ಬೆಚ್ಚಿದೆ. ಉಚ್ಚೆ ಕಡಿಮೆಯಾಗಲಿ ಅಂತ ಮಧ್ಯಾಹ್ನ ನೀರಿನ ಬಟ್ಟಲು ತೆಗೆದಿಡುತ್ತಿದ್ದಳಂತೆ. ಬೈಯಲಿಲ್ಲ, ಪಕ್ಕದಲ್ಲಿ ಕೂಡಿಸಿಕೊಂಡು ಹೇಳಿದೆ. ಮೊಲಕ್ಕೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿ ನೀರು ಬೇಕು. ನೀರು ಕಡಿಮೆಯಾದರೆ ಉಚ್ಚೆ ಗಟ್ಟಿಯಾಗುತ್ತದೆ, ನಾತ ಹೆಚ್ಚುತ್ತದೆ, ಆ ಸುಣ್ಣ ಮೂತ್ರಚೀಲದಲ್ಲೇ ಕೆಸರಿನ ಹಾಗೆ ನಿಲ್ಲುತ್ತದೆ. ಅವಳ ಕಣ್ಣು ತುಂಬಿತು. ಆವತ್ತಿನಿಂದ ಎರಡು ಬಟ್ಟಲು ನೀರು ಇಡುತ್ತಾಳೆ, ಒಂದು ಉರುಳಿದರೂ ಇನ್ನೊಂದಿರಲಿ ಅಂತ.

ಹೊಸ ಏರ್ಪಾಟು ದೊಡ್ಡದೇನಲ್ಲ. ಮೊಲಗಳು ತಾವಾಗಿ ಆರಿಸಿಕೊಂಡ ಆ ಎರಡು ಮೂಲೆಗಳಿಗೇ ಒಂದೊಂದು ಅಗಲವಾದ ಪ್ಲಾಸ್ಟಿಕ್ ಟಬ್ ಇಟ್ಟೆವು, ಅಂಚು ನಾಲ್ಕೈದು ಇಂಚು. ತಳಕ್ಕೆ ಪೇಪರಿನ ದಪ್ಪ ಪದರು, ಅದರ ಮೇಲೆ ಕಟ್ಟಿಗೆ ಹುಡಿಯನ್ನು ಒತ್ತಿ ಮಾಡಿದ ಸುವಾಸನೆ ಇಲ್ಲದ ಗುಳಿಗೆ ಒಂದು ಪದರು, ಮೇಲೆ ಒಣ ಹುಲ್ಲು. ಈ ಗುಳಿಗೆ ಉಚ್ಚೆ ಕುಡಿದು ಉಬ್ಬಿ ಹುಡಿಯಾಗುತ್ತದೆ, ಎಲ್ಲಿ ಒದ್ದೆಯಾಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಅಡ್ಡೆಯ ಹುಡಿ ಬಿಡಿಸಿದ್ದಕ್ಕೆ ಕಾರಣ ಎರಡು. ಅದರ ಧೂಳು ಮೂಗಿಗೆ ಕೆಟ್ಟದ್ದು, ಮತ್ತೆ ಅದು ಯಾವ ಮರದ್ದು ಅಂತ ಗೊತ್ತಿರುವುದಿಲ್ಲ, ಪೈನ್, ಸೀಡರ್‌ನಂಥ ಘಮ್ಮೆನ್ನುವ ಮರದ ಹಸಿ ಹುಡಿ ಮೊಲಕ್ಕೆ ಆಗಿಬರುವುದಿಲ್ಲ. ಶೇಂಗಾ ಹೊಟ್ಟು ಹಾಕಲಾ ಅಂತ ಕಾಕು ಕೇಳಿದರು. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ, ಬೇಡ ಅಂದೆ. ಬೆಕ್ಕಿಗೆ ಹಾಕುವ, ಒದ್ದೆಯಾದರೆ ಗಟ್ಟಿಯಾಗುವ ಮಣ್ಣು ಅಂತೂ ಕೂಡದು. ಮೊಲ ಅದನ್ನು ತಿಂದರೆ ಕರುಳಲ್ಲೇ ಗಟ್ಟಿಯಾಗುತ್ತದೆ, ವಾಂತಿ ಮಾಡಿ ಹೊರಹಾಕಲು ಮೊಲಕ್ಕೆ ಆಗುವುದಿಲ್ಲ.

ಹುಲ್ಲಿನ ಬುಟ್ಟಿಯನ್ನು ಟಬ್ಬಿನ ತಲೆಯ ಹತ್ತಿರವೇ ಕಟ್ಟಿದೆವು. ಮೊಲ ಹುಲ್ಲು ತಿನ್ನುತ್ತಲೇ ಹಿಕ್ಕೆ ಹಾಕುತ್ತದೆ, ಇದು ಅದರ ಸಹಜ ಗುಣ. ಇದನ್ನು ತಿಳಿದುಕೊಂಡರೆ ಅರ್ಧ ತರಬೇತಿ ಮುಗಿದ ಹಾಗೆ. ಮೊದಲ ವಾರ ಹೊರಗೆ ಬಿದ್ದ ಹಿಕ್ಕೆಯನ್ನು, ಒದ್ದೆ ಪೇಪರ್ ಚೂರನ್ನು ಟಬ್ಬಿಗೇ ಹಾಕಿದೆವು, ಜಾಗ ಇದೇ ಅಂತ ಗೊತ್ತಾಗಲಿ ಅಂತ. ಐದನೇ ದಿನಕ್ಕೆ ಬೆಣ್ಣಿ ಕಲಿತ. ಪೇಡಾ ತಡ ಮಾಡಿದ.

ತಾಡಪತ್ರಿ ಮಳೆ ಹೊಡೆಯುವ ಒಂದೇ ಕಡೆ ಉಳಿಸಿ, ಉಳಿದ ಎರಡು ಕಡೆ ಮೇಲಿನ ಅರ್ಧ ಬಿಚ್ಚಿದೆವು. ಗಾಳಿ ಆಡತೊಡಗಿತು. ಎರಡು ಜೊತೆ ಟಬ್ ಕೊಂಡದ್ದು ಒಳ್ಳೆಯದಾಯಿತು, ಒಂದು ಜೊತೆ ಗೂಡಲ್ಲಿದ್ದರೆ ಇನ್ನೊಂದು ಆರುತ್ತಿರುತ್ತದೆ. ಈಗ ದಿನಾ ಬೆಳಿಗ್ಗೆ ಒದ್ದೆ ಮೂಲೆಯ ಗುಳಿಗೆ, ಪೇಪರ್ ಅಷ್ಟೇ ತೆಗೆಯುತ್ತಾರೆ, ಐದು ನಿಮಿಷದ ಕೆಲಸ. ಎರಡು ದಿನಕ್ಕೊಮ್ಮೆ ಟಬ್ ಪೂರ್ತಿ ಖಾಲಿ, ಆದರೆ ಹಳೆಯ ಹುಲ್ಲು ಒಂದು ಹಿಡಿ ಹೊಸದರಲ್ಲಿ ಬಿಡುತ್ತಾರೆ. ನಳಕ್ಕೆ ನೀರು ಬಂದ ದಿನ ವಿನೆಗರ್ ಹಾಕಿ ತೊಳೆಯುವುದು. ಒಂದೂವರೆ ಬಕೀಟಿನ ಲೆಕ್ಕ ಹೋಗಿ, ವಾರಕ್ಕೆ ಒಂದು ಬಕೀಟು ಆಯಿತು.

ಬಿಸ್ಕಿಟ್ ನಿಂತಿತು. ಪೆಲೆಟ್ ದಿನಕ್ಕೆ ಎರಡು ದೊಡ್ಡ ಚಮಚಕ್ಕೆ ಇಳಿಯಿತು, ಅದೂ ಒಂದೇ ಸಲ ಅಲ್ಲ, ಎರಡು ವಾರದಲ್ಲಿ ನಿಧಾನಕ್ಕೆ. ಊಟದಲ್ಲಿ ನೂರಕ್ಕೆ 80 ಪಾಲಿನಷ್ಟು ಒಣ ಹುಲ್ಲು ಇರಬೇಕು. ಜೊತೆಗೆ ಕರಿಕೆ, ಕೊತ್ತಂಬರಿ, ಮೂಲಂಗಿ ಸೊಪ್ಪು. ಮೂರನೇ ವಾರಕ್ಕೆ ಮೆತ್ತಗಿನ ಮುದ್ದೆ ಬಿದ್ದಿರುವುದು ನಿಂತಿತು.

ಬೆಣ್ಣಿಯ ಹಿಂಭಾಗ ಶುಚಿ ಮಾಡಿದ್ದು ಒಂದು ಇಡೀ ಮಧ್ಯಾಹ್ನದ ಕೆಲಸ. ಮೊಲಕ್ಕೆ ಸ್ನಾನ ಮಾಡಿಸಬಾರದು, ಗಾಬರಿಗೇ ಜೀವ ಹೋಗಬಹುದು, ದಟ್ಟ ಕೂದಲು ಬೇಗ ಆರುವುದೂ ಇಲ್ಲ. ಅಕ್ಕ ತೊಡೆಯ ಮೇಲೆ ಟವೆಲ್ ಹಾಸಿ ಹಿಡಿದುಕೊಂಡಳು. ನಾನು ಕಾರ್ನ್‌ಫ್ಲೋರ್ ಉದುರಿಸಿ, ಗಂಟನ್ನು ಬೆರಳಲ್ಲೇ ಪುಡಿಮಾಡುತ್ತಾ ಸಣ್ಣ ಹಣಿಗೆಯಿಂದ ಬಿಡಿಸಿದೆ. ಕತ್ತರಿ ಹಾಕಲಿಲ್ಲ. ಮೊಲದ ಚರ್ಮ ತೀರಾ ತೆಳು, ಕೂದಲ ಜೊತೆ ಎದ್ದು ಬರುತ್ತದೆ. ಇಷ್ಟು ಕಷ್ಟಪಟ್ಟಿದ್ದಕ್ಕೆ ಕಾರಣ ನೊಣ. ಬೆಚ್ಚಗಿನ ತೇವದ ದಿನಗಳಲ್ಲಿ ಹೊಲಸು ಕೂದಲಿಗೆ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಎದ್ದು ಮೈಯನ್ನೇ ತಿನ್ನತೊಡಗುತ್ತವೆ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಬಾಲದ ಕೆಳಗೆ ನೋಡಲೇಬೇಕು. ಹುಳ ಕಂಡರೆ ಅದೇ ಗಳಿಗೆಗೆ ಡಾಕ್ಟರ ಹತ್ತಿರ ಓಡಬೇಕು.

ಪೇಡಾನ ಸೀನಿಗೆ ಮನೆಯಲ್ಲಿದ್ದ ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಹಾಕೋಣ ಅಂತ ಭಾವ ಅಂದಿದ್ದರು. ಸದ್ಯ ಹಾಕಿರಲಿಲ್ಲ. ಆ ಜಾತಿಯ ಔಷಧಿ ಬಾಯಿಂದ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯ ಸತ್ತು ಮೊಲವೇ ಸಾಯಬಹುದು. ಡಾಕ್ಟರು ಬೇರೆ ಆಂಟಿಬಯೋಟಿಕ್ ಕೊಟ್ಟರು, ಗಾಳಿ ಸರಿಯಾಗದೆ ಔಷಧಿ ಒಂದೇ ಕೆಲಸ ಮಾಡಲ್ಲ ಅಂತಲೂ ಹೇಳಿದರು. ಮೂರು ವಾರಕ್ಕೆ ಕಾಲಿನ ಕೂದಲು ಒಣಗಿತು.

ಚಿಮ್ಮುವುದಕ್ಕೆ ಮಾತ್ರ ಬೇರೆ ದಾರಿ ಇರಲಿಲ್ಲ, ಎರಡಕ್ಕೂ ಬೀಜ ತೆಗೆಸುವ ಆಪರೇಷನ್ ಮಾಡಿಸಬೇಕಿತ್ತು. ಮೊದಲು ಹೋದ ಕಡೆ ಹಿಂದಿನ ರಾತ್ರಿಯಿಂದ ಊಟ ಕೊಡಬೇಡಿ ಅಂದರು. ನಾನು ಅಲ್ಲಿಂದ ವಾಪಸು ಕರೆತಂದೆ. ನಾಯಿಗೆ ಆ ಮಾತು ಸರಿ. ವಾಂತಿಯೇ ಆಗದ ಮೊಲಕ್ಕೆ ಹೊಟ್ಟೆ ಖಾಲಿ ಬಿಟ್ಟರೆ ಕರುಳೇ ನಿಂತುಹೋಗುವ ಭಯ. ಮೊಲಕ್ಕೆ ಮೊದಲೂ ಆಪರೇಷನ್ ಮಾಡಿದ್ದ ಇನ್ನೊಬ್ಬ ಡಾಕ್ಟರು ಸಿಕ್ಕರು, ಹುಲ್ಲು ಜೊತೆಗೇ ತನ್ನಿ, ಎಚ್ಚರಾದ ಕೂಡಲೇ ತಿನ್ನಿಸಬೇಕು ಅಂದರು. ಆಗಸ್ಟ್ ಮೊದಲ ವಾರ ಎರಡೂ ಮುಗಿದವು. ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು, ಕಾಕುಗೂ ಅದನ್ನೇ ಹೇಳಿ ಇನ್ನೊಂದು ತಿಂಗಳು ಕೇಳಿಕೊಂಡೆವು. ಸೆಪ್ಟೆಂಬರ್ ನಡುವಿಗೆ ಪೇಪರ್ ಹಾಸಿ ನೋಡಿದಾಗ ಟಬ್ಬಿನ ಹೊರಗೆ ಒಂದೇ ಒಂದು ಕಲೆ ಇತ್ತು, ಅದೂ ನೀರಿನ ಬಟ್ಟಲು ಉರುಳಿದ್ದು.

ಕಾಕು ಈಗ ಹಿಕ್ಕೆಯನ್ನು ಡಬ್ಬಿಯಲ್ಲಿ ಕೂಡಿಸಿಡಲು ಹೇಳಿದ್ದಾರೆ. ಮೊಲದ ಹಿಕ್ಕೆಯನ್ನು ಕೋಳಿಗೊಬ್ಬರದ ಹಾಗೆ ಕೊಳೆಹಾಕಿ ಕಾಯಬೇಕಿಲ್ಲ, ನೇರವಾಗಿ ಕುಂಡಕ್ಕೆ ಹಾಕಬಹುದು. ಅವರ ದಾಸವಾಳಕ್ಕೆ, ಕರಿಬೇವಿಗೆ ಹೋಗುತ್ತಿದೆ. ಒದ್ದೆ ಪೇಪರ್, ಗುಳಿಗೆ ಹಸಿ ಕಸದ ಬುಟ್ಟಿಗೆ, ಬೆಳಿಗ್ಗೆ ಪಾಲಿಕೆ ಗಾಡಿಗೆ.

ಗೋಡೆ ಒಂದು ಬಾಕಿ ಇದೆ. ಒಂದೂವರೆ ಅಡಿ ಎತ್ತರಕ್ಕೆ ಗಿಲಾಯಿ (ಪ್ಲಾಸ್ಟರ್) ಉಚ್ಚೆ ಕುಡಿದಿದೆ, ಮೋಡ ಮುಚ್ಚಿದ ದಿನ ಹತ್ತಿರ ಹೋದರೆ ಇನ್ನೂ ಸಣ್ಣಗೆ ಹೊಡೆಯುತ್ತದೆ. ಮೇಲೆ ಸುಣ್ಣ ಬಳಿದು ನೋಡಿದೆವು, ಎರಡೇ ವಾರಕ್ಕೆ ಹಳದಿ ಕಲೆ ಹೊರಗೆ ಬಂತು. ದಸರೆ ಮುಗಿದು ಬಿಸಿಲು ಬಿದ್ದ ಮೇಲೆ ಅಷ್ಟು ಗಿಲಾಯಿ ಕೆತ್ತಿಸಿ, ಚೆನ್ನಾಗಿ ಒಣಗಿಸಿ, ಹೊಸದಾಗಿ ಹಾಕಿಸಿ ಮೇಲೆ ಟೈಲ್ಸ್ ಕೂಡಿಸಬೇಕು. ಗೌಂಡಿಗೆ ಹೇಳಿ ಇಟ್ಟಿದ್ದೇವೆ. ಅಷ್ಟರೊಳಗೆ ಜಾಲರಿ ತೆಗೆದು ಪೇಡಾ, ಬೆಣ್ಣಿಯನ್ನು ಮತ್ತೆ ಒಟ್ಟಿಗೆ ಬಿಡಬಹುದಾ ಅಂತ ಹುಡುಗಿ ದಿನಾ ಕೇಳುತ್ತಿದ್ದಾಳೆ. ಸದ್ಯಕ್ಕೆ ಸಂಜೆ ಹದಿನೈದು ನಿಮಿಷ, ಪಡಸಾಲೆಯಲ್ಲಿ, ಇಬ್ಬರಿಗೂ ಗೊತ್ತಿಲ್ಲದ ಜಾಗದಲ್ಲಿ ಬಿಟ್ಟು ಪಕ್ಕದಲ್ಲೇ ಕೂಡುತ್ತಾಳೆ. ನಿನ್ನೆ ಪೇಡಾ ತಲೆ ತಗ್ಗಿಸಿ ಕೂತನಂತೆ, ಬೆಣ್ಣಿ ಅವನ ಹಣೆ ನೆಕ್ಕಿದನಂತೆ. ಫೋಟೋ ಕಳಿಸಿದ್ದಾಳೆ.